ಯುಪ್ರೋಬ್ ಎಮ್ಯುಲೇಶನ್ ಪ್ಯಾಚ್ ರಿವ್ಯೂ: ಸಿಪಿಯು ಮಾಡುತ್ತಿದ್ದ ಕೆಲಸವನ್ನು ಕರ್ನಲ್ ಮಾಡಹೊರಟಾಗ

ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸದೆ, ಮತ್ತೆ ಕಂಪೈಲ್ ಮಾಡದೆ, ಅದರೊಳಗಿನ ಒಂದು ಫಂಕ್ಷನ್ನಿಗೆ ಯಾವಾಗ ಯಾವ ಆರ್ಗ್ಯುಮೆಂಟ್ ಹೋಗುತ್ತಿದೆ ಎಂದು ನೋಡಬೇಕಾದರೆ ಲಿನಕ್ಸ್‌ನಲ್ಲಿ ಯುಪ್ರೋಬ್ ಬಳಸುತ್ತೇವೆ. ಪರ್ಫ್, ಬಿಪಿಎಫ್‌ಟ್ರೇಸ್‌ನಂಥ ಸಾಧನಗಳ ಕೆಳಗೆ ಕೆಲಸ ಮಾಡುವುದು ಇದೇ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 3.5 ಆವೃತ್ತಿಯಲ್ಲಿ, 2012ರಲ್ಲಿ, ಇದು ಬಂತು. ಇಂಟೆಲ್, ಎಎಂಡಿಗಳ ಎಕ್ಸ್86 ಸಿಪಿಯುಗಳಲ್ಲಿ ಇದರ ಮೂಲ ಉಪಾಯ ಸರಳ. ಪ್ರೋಬ್ ಹಾಕಬೇಕಾದ ವಿಳಾಸದ ಮೊದಲ ಬೈಟನ್ನು ಬ್ರೇಕ್‌ಪಾಯಿಂಟ್ ಇನ್‌ಸ್ಟ್ರಕ್ಷನ್ನಿನಿಂದ, ಅಂದರೆ ಹೆಕ್ಸ್‌ನಲ್ಲಿ ಸಿಸಿ ಎಂಬ ಒಂದೇ ಬೈಟಿನಿಂದ, ಬದಲಿಸುತ್ತಾರೆ. ಡಿಸ್ಕಿನ ಫೈಲನ್ನು ಯಾರೂ ಮುಟ್ಟುವುದಿಲ್ಲ. ಆಯಾ ಪ್ರೊಸೆಸ್ಸಿನ ಮೆಮೊರಿಯಲ್ಲಿ ಆ ಪುಟದ ಖಾಸಗಿ ಪ್ರತಿ ಮಾಡಿ ಅದರಲ್ಲಷ್ಟೇ ಬರೆಯುತ್ತಾರೆ. ಪ್ರೋಗ್ರಾಮು ಅಲ್ಲಿಗೆ ಬಂದಾಗ ಟ್ರ್ಯಾಪ್ ಆಗಿ, ಅಂದರೆ ಸಿಪಿಯು ಎಕ್ಸೆಪ್ಶನ್ ಎಬ್ಬಿಸಿ ಓಟವನ್ನು ತಡೆದು, ಕರ್ನಲ್ಲಿಗೆ ಹೋಗುತ್ತದೆ, ಪ್ರೋಬಿನ ಹ್ಯಾಂಡ್ಲರ್ ಓಡುತ್ತದೆ.

ತೊಡಕು ಶುರುವಾಗುವುದು ಹ್ಯಾಂಡ್ಲರ್ ಮುಗಿದ ಮೇಲೆ. ಮೊದಲು ಅಲ್ಲಿದ್ದ ಇನ್‌ಸ್ಟ್ರಕ್ಷನ್ ಈಗ ಬ್ರೇಕ್‌ಪಾಯಿಂಟಿನ ಅಡಿಯಲ್ಲಿದೆ. ಅದನ್ನು ಓಡಿಸದೆ ಪ್ರೋಗ್ರಾಮು ಮುಂದೆ ಹೋಗುವಂತಿಲ್ಲ. ಬ್ರೇಕ್‌ಪಾಯಿಂಟನ್ನು ತುಸು ಹೊತ್ತು ತೆಗೆದು ಓಡಿಸಿ ಮತ್ತೆ ಹಾಕೋಣವೆಂದರೆ, ಆ ನಡುವೆ ಬೇರೆ ಥ್ರೆಡ್ ಅದೇ ಜಾಗ ದಾಟಿದರೆ ಪ್ರೋಬ್ ತಪ್ಪಿಹೋಗುತ್ತದೆ. ಹಾಗಾಗಿ ಯುಪ್ರೋಬ್ ಮೂಲ ಇನ್‌ಸ್ಟ್ರಕ್ಷನ್ನಿನ ಪ್ರತಿಯನ್ನು ಪ್ರೊಸೆಸ್ಸಿನೊಳಗೇ ಬೇರೊಂದು ಪುಟದಲ್ಲಿಟ್ಟು, ಅಲ್ಲಿ ಸಿಂಗಲ್ ಸ್ಟೆಪ್ ಮಾಡಿಸುತ್ತದೆ, ಅಂದರೆ ಅದೊಂದನ್ನೇ ಓಡಿಸಿ ನಿಲ್ಲಿಸುತ್ತದೆ. ಎಕ್ಸ್86ನಲ್ಲಿ ಒಂದೊಂದು ಪ್ರತಿಗೂ 128 ಬೈಟಿನ ಸ್ಲಾಟ್, 4096 ಬೈಟಿನ ಒಂದು ಪುಟಕ್ಕೆ 32 ಸ್ಲಾಟ್. ಆ ಒಂದು ಹೆಜ್ಜೆ ಮುಗಿದೊಡನೆ ಡೀಬಗ್ ಎಕ್ಸೆಪ್ಶನ್ ಬಂದು ಮತ್ತೆ ಕರ್ನಲ್ ಪ್ರವೇಶ. ಅಂದರೆ ಒಂದು ಪ್ರೋಬಿಗೆ ಎರಡು ಎಕ್ಸೆಪ್ಶನ್, ಜೊತೆಗೆ ಸ್ಲಾಟ್ ಹುಡುಕುವ, ಬಿಡುವ ಖರ್ಚು.

ಎಮ್ಯುಲೇಶನ್ ಉಳಿಸುವುದು ಎರಡನೆಯ ಎಕ್ಸೆಪ್ಶನ್ನನ್ನು. ಇನ್‌ಸ್ಟ್ರಕ್ಷನ್ ಸರಳವಾಗಿದ್ದರೆ ಅದು ಮಾಡಬೇಕಾದ ಬದಲಾವಣೆಯನ್ನು ಕರ್ನಲ್ಲೇ ಉಳಿಸಿಟ್ಟ ರಿಜಿಸ್ಟರುಗಳ ಮೇಲೆ ಮಾಡಿ, ಪ್ರೋಗ್ರಾಮನ್ನು ಮುಂದಿನ ಇನ್‌ಸ್ಟ್ರಕ್ಷನ್ನಿಗೆ ಕಳಿಸುತ್ತದೆ. 2014ರಲ್ಲಿ ಎಕ್ಸ್86ಗೆ ಜಂಪ್, ಕಾಲ್, ಷರತ್ತಿನ ಜಂಪುಗಳ ಎಮ್ಯುಲೇಶನ್ ಬಂತು. 2017ರ ಕೊನೆಗೆ ಪುಷ್ (ರಿಜಿಸ್ಟರಿನ ಮೌಲ್ಯವನ್ನು ಸ್ಟ್ಯಾಕಿಗೆ ಹಾಕುವ ಇನ್‌ಸ್ಟ್ರಕ್ಷನ್) ಸೇರಿಸುವ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಬಂತು. ಫಂಕ್ಷನ್ನುಗಳ ಆರಂಭದಲ್ಲಿ ಪುಷ್ ಆರ್‌ಬಿಪಿ, ಅಂದರೆ 55 ಎಂಬ ಬೈಟ್, ತೀರಾ ಸಾಮಾನ್ಯವಾದ್ದರಿಂದ ಇದರ ಪ್ರಯೋಜನ ದೊಡ್ಡದು.

ಇಂಥ ಪ್ಯಾಚನ್ನು ರಿವ್ಯೂ ಮಾಡುವವರು ಹಿಡಿದುಕೊಳ್ಳಬೇಕಾದ ಅಳತೆಗೋಲು ಒಂದೇ: ಪ್ರೋಬ್ ಇದೆಯೋ ಇಲ್ಲವೋ ಎಂಬುದು ಪ್ರೋಗ್ರಾಮಿಗೆ ಸಮಯದ ವ್ಯತ್ಯಾಸದ ಹೊರತು ಇನ್ಯಾವುದರಿಂದಲೂ ಗೊತ್ತಾಗಬಾರದು. ಆ ಇನ್‌ಸ್ಟ್ರಕ್ಷನ್ ಓಡಿದಾಗ ಸಿಪಿಯು ಏನೇನು ಮಾಡುತ್ತಿತ್ತೋ ಅಷ್ಟನ್ನೂ ಪಟ್ಟಿ ಮಾಡಿ, ಒಂದೊಂದೂ ಈ ಕೋಡಿನಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಪ್ಯಾಚಿನ ಜೊತೆ ಬರುವ ಬೆಂಚ್‌ಮಾರ್ಕ್ ಅಂಕಿಗಳನ್ನು ಕೊನೆಗೆ ನೋಡಿದರೆ ಸಾಕು.

ಪುಷ್‌ನಿಂದಲೇ ಶುರು ಮಾಡೋಣ. ಸ್ಟ್ಯಾಕ್ ಪಾಯಿಂಟರಿನಿಂದ 8 ಕಳೆ, ಅಲ್ಲಿ ಮೌಲ್ಯ ಬರೆ, ಮುಂದೆ ಹೋಗು: ಇಷ್ಟೇ ಎನ್ನಿಸುತ್ತದೆ. ಆದರೆ ಕ್ರಮ ಮುಖ್ಯ. ಬರೆಯುವ ಕೆಲಸ ಯೂಸರ್ ಮೆಮೊರಿಗೆ, ಅದು ಸೋಲಬಹುದು. ಸ್ಟ್ಯಾಕ್ ಪಾಯಿಂಟರನ್ನು ಮೊದಲೇ ಬದಲಿಸಿ ಆಮೇಲೆ ಬರೆಯಲು ಹೋಗಿ ಸೋತರೆ, ಅರ್ಧ ಓಡಿದ ಇನ್‌ಸ್ಟ್ರಕ್ಷನ್ ಉಳಿಯುತ್ತದೆ. ನಿಜವಾದ ಸಿಪಿಯು ಹಾಗೆಂದೂ ಬಿಡುವುದಿಲ್ಲ. ಕರ್ನಲ್‌ನಲ್ಲಿರುವ ಕೋಡ್ ಸರಿಯಾದ ಕ್ರಮದಲ್ಲಿದೆ: ಹೊಸ ವಿಳಾಸವನ್ನು ಲೆಕ್ಕ ಹಾಕು, ಯೂಸರ್ ಮೆಮೊರಿಗೆ ನಕಲಿಸು, ಗೆದ್ದರೆ ಮಾತ್ರ ಸ್ಟ್ಯಾಕ್ ಪಾಯಿಂಟರ್ ಬದಲಿಸು. ಸೋತರೆ ಎಮ್ಯುಲೇಶನ್ ಆಗಲಿಲ್ಲವೆಂದು ಹೇಳಿ ಹಿಂದೆ ಸರಿ. ಆಗ ಹಳೆಯ ಸಿಂಗಲ್ ಸ್ಟೆಪ್ ದಾರಿ ಹಿಡಿದು ನಿಜವಾದ ಪುಷ್ ಓಡುತ್ತದೆ, ಆಗಬೇಕಾದ ಫಾಲ್ಟ್ (ಮೆಮೊರಿ ಮುಟ್ಟಲಾಗದ ದೋಷ) ಸಹಜವಾಗಿಯೇ ಆಗುತ್ತದೆ. ಹಿಂದೆ ಸರಿಯುವ ಈ ದಾರಿ ಇರುವುದರಿಂದಲೇ ಒಂಟಿ ಇನ್‌ಸ್ಟ್ರಕ್ಷನ್ನಿನ ಎಮ್ಯುಲೇಶನ್ ಅಷ್ಟು ನೆಮ್ಮದಿಯದು. ಕ್ಲಿಷ್ಟವಾದ ಎಲ್ಲವನ್ನೂ ಸಿಪಿಯುವಿಗೇ ಒಪ್ಪಿಸಿಬಿಡಬಹುದು.

ಎಂಟು ಕಳೆ ಎಂದೆವು. 32 ಬಿಟ್ ಪ್ರೊಸೆಸ್ಸಾದರೆ ನಾಲ್ಕು. ಯಾವುದು ಎಂದು ಕರ್ನಲ್ಲಿಗೆ ಹೇಗೆ ತಿಳಿಯಬೇಕು? ಈ ಪ್ರಶ್ನೆಯಲ್ಲೇ ಒಂದು ನಿಜವಾದ ದೋಷ ಹಲವು ವರ್ಷ ಅಡಗಿತ್ತು. ಈಗ ನಡೆಯುತ್ತಿರುವುದು 32 ಬಿಟ್ ಸಿಸ್ಟಂ ಕಾಲೇ ಎಂದು ಕೇಳುವ ಪರೀಕ್ಷೆಯನ್ನು ಯುಪ್ರೋಬ್ ಕೋಡ್ ಬಳಸುತ್ತಿತ್ತು. ಆದರೆ ಬ್ರೇಕ್‌ಪಾಯಿಂಟ್ ಸಿಸ್ಟಂ ಕಾಲ್ ಅಲ್ಲ, ಎಕ್ಸೆಪ್ಶನ್. ಅಲ್ಲಿ ಆ ಗುರುತು ಇರುವುದೇ ಇಲ್ಲ. ಪರಿಣಾಮವಾಗಿ 64 ಬಿಟ್ ಕರ್ನಲ್ ಮೇಲೆ ಓಡುವ 32 ಬಿಟ್ ಪ್ರೊಸೆಸ್ಸಿಗೆ ರಿಟರ್ನ್ ಪ್ರೋಬ್, ಅಂದರೆ ಫಂಕ್ಷನ್ ಮುಗಿದು ಹಿಂದಿರುಗುವಾಗ ಓಡುವ ಪ್ರೋಬ್, ಹಾಕಿದರೆ ಆ ಪ್ರೊಸೆಸ್ಸೇ ಬಿದ್ದುಹೋಗುತ್ತಿತ್ತು. 2019ರಲ್ಲಿ ಇದನ್ನು ಸರಿಪಡಿಸಿದರು: ಉಳಿಸಿಟ್ಟ ಕೋಡ್ ಸೆಗ್ಮೆಂಟನ್ನು ನೋಡಿ ಸಿಪಿಯು ಯಾವ ಮೋಡಿನಲ್ಲಿತ್ತು ಎಂದು ತಿಳಿಯುವುದು. ಎಮ್ಯುಲೇಶನ್ ಕೋಡಿನಲ್ಲಿ ಗಾತ್ರ ಕಂಡಲ್ಲೆಲ್ಲ, ಆ ಗಾತ್ರ ಯಾವ ಪರೀಕ್ಷೆಯಿಂದ ಬಂತು, ಆ ಪರೀಕ್ಷೆ ಈ ಕೋಡ್ ಓಡುವ ಸಂದರ್ಭದಲ್ಲಿ ಸತ್ಯ ಹೇಳುತ್ತದೆಯೇ ಎಂದು ಕೇಳಲೇಬೇಕು.

ಯಾವುದನ್ನು ಎಮ್ಯುಲೇಟ್ ಮಾಡುವುದಿಲ್ಲ ಎಂಬುದನ್ನೂ ಅಷ್ಟೇ ಗಮನದಿಂದ ಓದಬೇಕು. ಪುಷ್ ಕೋಡ್ ಒಪ್ಪುವುದು ಹೆಕ್ಸ್‌ನಲ್ಲಿ 50ರಿಂದ 57ರವರೆಗಿನ ಬೈಟುಗಳನ್ನು, ಮತ್ತು ಆರ್8ರಿಂದ ಆರ್15ರವರೆಗಿನ ರಿಜಿಸ್ಟರಿಗಾಗಿ ಅವುಗಳ ಮೊದಲು 41 ಎಂಬ ಪ್ರಿಫಿಕ್ಸ್ (ಇನ್‌ಸ್ಟ್ರಕ್ಷನ್ನಿನ ಅರ್ಥವನ್ನು ಬದಲಿಸುವ ಬೈಟ್) ಇದ್ದರೆ ಅದನ್ನು. ಉಳಿದದ್ದಕ್ಕೆಲ್ಲ ಬಾಗಿಲು ಮುಚ್ಚಿದೆ. ಜಂಪ್ ಮತ್ತು ಕಾಲ್ ಕೋಡ್ 66 ಎಂಬ ಪ್ರಿಫಿಕ್ಸ್ ಇರುವುದನ್ನು ತಿರಸ್ಕರಿಸುತ್ತದೆ, ಏಕೆಂದರೆ 64 ಬಿಟ್ ಮೋಡಿನಲ್ಲಿ ಇಂಟೆಲ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎಎಂಡಿಯ ನಡವಳಿಕೆ ಬೇರೆ. ಒಂದೇ ಬೈಟ್ ಸಾಲಿಗೆ ಎರಡು ಅರ್ಥವಿರುವಾಗ ಸರಿಯಾಗಿ ಎಮ್ಯುಲೇಟ್ ಮಾಡುವ ಪ್ರಶ್ನೆಯೇ ಇಲ್ಲ. ಹೊಸ ಪ್ಯಾಚಿನಲ್ಲಿ ಆಪ್‌ಕೋಡನ್ನು (ಇದು ಯಾವ ಇನ್‌ಸ್ಟ್ರಕ್ಷನ್ ಎಂದು ಹೇಳುವ ಬೈಟನ್ನು) ನೋಡಿ ಪ್ರಿಫಿಕ್ಸನ್ನು ನೋಡದ ಸಾಲು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ ಕೇಳುವುದು ಸರಿ.

ಯೂಸರ್ ಮೆಮೊರಿಯನ್ನು ಹೇಗೆ ಮುಟ್ಟುತ್ತಾರೆ ಎಂಬುದಕ್ಕೆ ಆರ್ಮ್64ಗಿಂತ, ಅಂದರೆ 64 ಬಿಟ್ ಆರ್ಮ್ ಸಿಪಿಯುಗಳ ಕೋಡಿಗಿಂತ, ದೊಡ್ಡ ಪಾಠವಿಲ್ಲ. ಅಲ್ಲಿ ಯುಪ್ರೋಬ್ ಬಂದದ್ದು 2016ರ ಕೊನೆಗೆ ಸೇರಿದ ಪ್ಯಾಚಿನಿಂದ, 4.10 ಕರ್ನಲ್‌ನಲ್ಲಿ. ಕರ್ನಲ್‌ನೊಳಗಿನ ಪ್ರೋಬಿಗಾಗಿ, ಅಂದರೆ ಕೆಪ್ರೋಬಿಗಾಗಿ, ಬರೆದಿದ್ದ ಸಿಮ್ಯುಲೇಶನ್ ಕೋಡನ್ನೇ ಇದಕ್ಕೂ ಬಳಸಿದರು. ಅದರಲ್ಲಿ ಎಲ್‌ಡಿಆರ್ ಲಿಟರಲ್ ಎಂಬ ಇನ್‌ಸ್ಟ್ರಕ್ಷನ್ ಇತ್ತು: ತನ್ನ ವಿಳಾಸದಿಂದ ಹಿಂದೆ ಮುಂದೆ 1 ಎಂಬಿ ಒಳಗಿನ ಮೆಮೊರಿಯಿಂದ ಮೌಲ್ಯ ಓದುವುದು. ಕೆಪ್ರೋಬ್‌ಗೆ ಆ ವಿಳಾಸ ಕರ್ನಲ್ಲಿನದೇ, ಆದ್ದರಿಂದ ಸಿ ಭಾಷೆಯ ಸಾದಾ ಪಾಯಿಂಟರ್ ಓದು ಸಾಕಾಗಿತ್ತು. ಯುಪ್ರೋಬ್‌ಗೆ ಅದು ಯೂಸರ್ ವಿಳಾಸ. ಸಾದಾ ಓದಿಗೆ ಫಾಲ್ಟ್ ಬಂದರೆ ಚೇತರಿಸಿಕೊಳ್ಳುವ ಟೇಬಲ್ ಎಂಟ್ರಿ ಇರುವುದಿಲ್ಲ. ಕರ್ನಲ್ ಅದನ್ನು ತನ್ನದೇ ದೋಷವೆಂದು ತಿಳಿದು ಬೀಳುತ್ತದೆ. ಕರ್ನಲ್ ಮೋಡಿನಿಂದ ಯೂಸರ್ ಮೆಮೊರಿಯನ್ನು ಅಚಾತುರ್ಯದಿಂದ ಮುಟ್ಟದಂತೆ ತಡೆಯುವ ಪ್ಯಾನ್ ಎಂಬ ರಕ್ಷಣೆ ಚಾಲ್ತಿಯಲ್ಲಿದ್ದ ಯಂತ್ರದಲ್ಲಂತೂ ಇದು ಕೆಲಸ ಮಾಡುವ ಸಾಧ್ಯತೆಯೇ ಇರಲಿಲ್ಲ. ಅದರ ಮೇಲೆ, ಓದು ನಡೆಯುವುದು ಕರ್ನಲ್ ಅಧಿಕಾರದಲ್ಲಿ. ಮೊದಲ 1 ಎಂಬಿ ಒಳಗೆ ಕೂತ ಇನ್‌ಸ್ಟ್ರಕ್ಷನ್ ಹಿಂದಕ್ಕೆ ಸುತ್ತಿ ವಿಳಾಸ ವಲಯದ ಕಟ್ಟಕಡೆಯ 1 ಎಂಬಿಯನ್ನು ಮುಟ್ಟಬಹುದಿತ್ತು, ಆ ಕಡೆ ಇರುವುದು ಕರ್ನಲ್ ಪಾಲಿನ ವಿಳಾಸಗಳು. 2024ರಲ್ಲಿ ಈ ಬೆಂಬಲವನ್ನೇ ಕಿತ್ತುಹಾಕಿದರು. ಈಗ ಅಂಥ ಇನ್‌ಸ್ಟ್ರಕ್ಷನ್ ಮೇಲೆ ಯುಪ್ರೋಬ್ ಹಾಕಹೊರಟರೆ ಕರ್ನಲ್ ನಿರಾಕರಿಸುತ್ತದೆ.

ಏಳೆಂಟು ವರ್ಷ ಅದು ಅಲ್ಲೇ ಇತ್ತು ಎಂಬುದನ್ನು ಗಮನಿಸಬೇಕು. ಆ ಫಂಕ್ಷನ್ನುಗಳಲ್ಲಿ ಒಂದು ಸಾಲೂ ಬದಲಾಗಿರಲಿಲ್ಲ, ಅವನ್ನು ಕರೆಯುವವರು ಬದಲಾಗಿದ್ದರು. ಪ್ಯಾಚಿನ ಡಿಫ್‌ನಲ್ಲಿ, ಅಂದರೆ ಹಳೆ ಹೊಸ ಕೋಡಿನ ವ್ಯತ್ಯಾಸದ ಪಟ್ಟಿಯಲ್ಲಿ, ಕಾಣುವುದು ಬದಲಾದ ಸಾಲುಗಳು ಮತ್ತು ಅವುಗಳ ಆಸುಪಾಸು ಮಾತ್ರ. ಎಮ್ಯುಲೇಶನ್ ಪ್ಯಾಚಿನಲ್ಲಿ ಮರುಬಳಕೆಯಾಗುವ ಹಳೆಯ ಫಂಕ್ಷನ್ನುಗಳನ್ನು ತೆರೆದು, ಯಾರ ಮೆಮೊರಿಯನ್ನು ಯಾರ ಅಧಿಕಾರದಲ್ಲಿ ಮುಟ್ಟುತ್ತವೆ ಎಂದು ಓದದೆ ಒಪ್ಪಿಗೆ ಕೊಡುವಂತಿಲ್ಲ.

ಆರ್ಮ್64ನ ಇನ್ನೊಂದು ವಿಷಯ. ಎಕ್ಸ್86ನಲ್ಲಿ ನೋಪ್ (ಏನೂ ಮಾಡದ ಇನ್‌ಸ್ಟ್ರಕ್ಷನ್) ಮತ್ತು ಪುಷ್ ಎಮ್ಯುಲೇಟ್ ಆಗುತ್ತವೆ, ರೆಟ್ (ಫಂಕ್ಷನ್ನಿನಿಂದ ಹಿಂದಿರುಗುವ ಇನ್‌ಸ್ಟ್ರಕ್ಷನ್) ಸಿಂಗಲ್ ಸ್ಟೆಪ್ ಆಗುತ್ತದೆ. ಆರ್ಮ್64ನಲ್ಲಿ ಬಹುಕಾಲ ಇದರ ತಿರುವುಮುರುವು: ರೆಟ್ ಸಿಮ್ಯುಲೇಟ್ ಆಗುತ್ತಿತ್ತು, ನೋಪ್ ಸಿಂಗಲ್ ಸ್ಟೆಪ್ ಆಗುತ್ತಿತ್ತು. ನೋಪ್ ಸಿಮ್ಯುಲೇಶನ್ 2024ರಲ್ಲಿ ಬಂತು. ಹಾಗಾಗಿ ಬೆಂಚ್‌ಮಾರ್ಕಿನಲ್ಲಿ ನೋಪ್, ಪುಷ್, ರೆಟ್ ಎಂಬ ಮೂರು ಸಾಲುಗಳನ್ನು ಬೇರೆಬೇರೆಯಾಗಿ ನೋಡಬೇಕು, ಒಂದು ಆರ್ಕಿಟೆಕ್ಚರಿನ ಅನುಪಾತವನ್ನು ಇನ್ನೊಂದಕ್ಕೆ ಹಚ್ಚಬಾರದು.

ಇನ್ನು ಹೆಚ್ಚು ಕಷ್ಟದ ಭಾಗ. 2025ರ ಕೊನೆಗೆ ಬಂದ 6.18 ಕರ್ನಲ್‌ನಲ್ಲಿ ಎಕ್ಸ್86 64 ಬಿಟ್‌ಗೆ ಮೊದಲ ಎಕ್ಸೆಪ್ಶನ್ನನ್ನೂ ತಪ್ಪಿಸುವ ದಾರಿ ಸೇರಿತು. ಪ್ರೋಬ್ ಇರುವ ಜಾಗದಲ್ಲಿ 5 ಬೈಟಿನ ನೋಪ್ ಇದ್ದರೆ, ಅದನ್ನು 5 ಬೈಟಿನ ಕಾಲ್ ಇನ್‌ಸ್ಟ್ರಕ್ಷನ್ ಆಗಿ ಬದಲಿಸುತ್ತಾರೆ. ಕಾಲ್ ಹೋಗುವುದು 2 ಜಿಬಿ ಅಂತರದೊಳಗೆ ಕರ್ನಲ್ ಮ್ಯಾಪ್ ಮಾಡಿಟ್ಟ ಟ್ರ್ಯಾಂಪೊಲೀನ್ ಎಂಬ ಪುಟ್ಟ ಕೋಡಿಗೆ. ಅದು ಮೂರು ರಿಜಿಸ್ಟರುಗಳನ್ನು ಸ್ಟ್ಯಾಕಿನಲ್ಲಿಟ್ಟು ಯುಪ್ರೋಬಿಗೆಂದೇ ಇರುವ ಸಿಸ್ಟಂ ಕಾಲ್ ಮಾಡುತ್ತದೆ: ಸಿಸ್ಟಂ ಕಾಲ್ ಇನ್‌ಸ್ಟ್ರಕ್ಷನ್ ಆರ್‌ಸಿಎಕ್ಸ್ ಮತ್ತು ಆರ್11 ಎರಡನ್ನೂ ಅಳಿಸುತ್ತದೆ, ಕಾಲಿನ ಸಂಖ್ಯೆ ಇಡಲು ಆರ್‌ಎಎಕ್ಸ್ ಬೇಕು. ಎಕ್ಸೆಪ್ಶನ್ನಿಗಿಂತ ಸಿಸ್ಟಂ ಕಾಲ್ ಎಷ್ಟೋ ಅಗ್ಗ. ಆದರೆ 5 ಬೈಟಿನ ನೋಪ್ ಸಾಮಾನ್ಯವಾಗಿ ಬರೆದವರೇ ಉದ್ದೇಶಪೂರ್ವಕವಾಗಿ ಇಟ್ಟಲ್ಲಿ ಸಿಗುತ್ತದೆ. ಸಾಮಾನ್ಯ ಫಂಕ್ಷನ್ನಿನ ಮೊದಲಲ್ಲಿ ಇರುವುದು ಪುಷ್. ಅಲ್ಲಿಂದ ಸಹಜವಾಗಿ ಹುಟ್ಟುವ ಯೋಚನೆ: ಫಂಕ್ಷನ್ನಿನ ಆರಂಭದ ಎರಡು ಮೂರು ಇನ್‌ಸ್ಟ್ರಕ್ಷನ್ನುಗಳ ಮೇಲೆ ಕಾಲನ್ನು ಬರೆದು, ಆ ಎಲ್ಲವನ್ನೂ ಕರ್ನಲ್ಲೇ ಎಮ್ಯುಲೇಟ್ ಮಾಡಿದರೆ?

ಬೈಟುಗಳನ್ನು ಹೆಕ್ಸ್‌ನಲ್ಲಿ ಎದುರಿಗಿಟ್ಟುಕೊಂಡೇ ನೋಡಬೇಕು; ಅವುಗಳ ಸ್ಥಾನವನ್ನು ಅಂಕಿಯಲ್ಲಿ ಹೇಳುವಾಗ 0ಯಿಂದ ಎಣಿಸುತ್ತೇನೆ. ಪುಷ್ ಆರ್‌ಬಿಪಿ 1 ಬೈಟ್: 55. ಆರ್‌ಎಸ್‌ಪಿಯನ್ನು, ಅಂದರೆ ಸ್ಟ್ಯಾಕ್ ಪಾಯಿಂಟರನ್ನು, ಆರ್‌ಬಿಪಿಗೆ ಹಾಕುವ ಮೂವ್ 3 ಬೈಟ್: 48 89 ಇ5. ಆರ್‌ಎಸ್‌ಪಿಯಿಂದ 16 ಕಳೆಯುವ ಸಬ್ 4 ಬೈಟ್: 48 83 ಇಸಿ 10. ಮೊದಲೆರಡು ಸೇರಿ 4, ಒಂದು ಬೈಟ್ ಕೊರತೆ. ಆದ್ದರಿಂದ ಸಬ್‌ನ ಮೊದಲ ಬೈಟೂ ಕಾಲಿನ ಅಡಿಗೆ ಹೋಗುತ್ತದೆ, ಅದರ ಮೂರು ಬೈಟ್ ಹಾಗೇ ಉಳಿಯುತ್ತದೆ. ಕಾಲ್ ಮುಗಿಸಿದ ಟ್ರ್ಯಾಂಪೊಲೀನ್ ಸಾದಾ ರೆಟ್ ಮಾಡಿದರೆ ಬರುವುದು ಆರಂಭದಿಂದ 5ನೆಯ ಬೈಟಿಗೆ, ಅಲ್ಲಿರುವುದು 83 ಇಸಿ 10. ಇದು ಕಸ ಅಲ್ಲ, ಸಿಪಿಯು ಒಪ್ಪುವ ಇನ್‌ಸ್ಟ್ರಕ್ಷನ್ನೇ: 32 ಬಿಟ್‌ನ ಇಎಸ್‌ಪಿಯಿಂದ 16 ಕಳೆ. 64 ಬಿಟ್ ಮೋಡಿನಲ್ಲಿ 32 ಬಿಟ್ ರಿಜಿಸ್ಟರಿಗೆ ಬರೆದರೆ ಮೇಲಿನ 32 ಬಿಟ್ ಸೊನ್ನೆಯಾಗುತ್ತದೆ. ಸ್ಟ್ಯಾಕ್ ಪಾಯಿಂಟರ್ ಎಲ್ಲಿಗೋ ಹೋಗಿ, ಮುಂದಿನ ಸ್ಟ್ಯಾಕ್ ಬಳಕೆಯಲ್ಲಿ ಪ್ರೋಗ್ರಾಮು ಬೀಳುತ್ತದೆ. ವಾಪಸಾಗಬೇಕಾದ್ದು 8ನೆಯ ಬೈಟಿಗೆ. ಆ 8 ಎಂಬ ಸಂಖ್ಯೆಯನ್ನು ಪ್ಯಾಚು ಎಲ್ಲಿ ಲೆಕ್ಕ ಹಾಕಿ ಎಲ್ಲಿ ಇಟ್ಟುಕೊಂಡಿದೆ ಎಂಬುದನ್ನು ಮೊದಲು ಹುಡುಕಿ.

ವಾಪಸಾಗುವುದು ಹೇಗೆ ಎಂಬುದೂ ಸುಲಭವಲ್ಲ. ಎಮ್ಯುಲೇಟ್ ಆದ ಪುಷ್ ಮತ್ತು ಸಬ್ ಎರಡೂ ಆರ್‌ಎಸ್‌ಪಿಯನ್ನು ಬದಲಿಸುತ್ತವೆ. ಟ್ರ್ಯಾಂಪೊಲೀನಿನ ಪಾಪ್‌ಗಳು ಹಳೆಯ ಆರ್‌ಎಸ್‌ಪಿಯನ್ನು ನಂಬಿ ಬರೆದವು. ಹೀಗಾಗಿ ಕರ್ನಲ್ ಎಲ್ಲ ರಿಜಿಸ್ಟರುಗಳನ್ನೂ ಅಂತಿಮ ಸ್ಥಿತಿಗೆ ತಂದು, ಟ್ರ್ಯಾಂಪೊಲೀನಿನ ಉಳಿದ ಭಾಗವನ್ನು ಬಿಟ್ಟು ನೇರ 8ನೆಯ ಬೈಟಿಗೆ ಕಳಿಸಬೇಕಾಗುತ್ತದೆ. ಕರ್ನಲ್ಲಿನಿಂದ ಪ್ರೋಗ್ರಾಮಿಗೆ ಮರಳಲು ವೇಗದ ಸಿಸ್‌ರೆಟ್ ಇನ್‌ಸ್ಟ್ರಕ್ಷನ್ ಬದಲು ನಿಧಾನದ ಐರೆಟ್ ಬೇಕು. ಕಾಲಿಗೆ ಜೋಡಿಯಾದ ರೆಟ್ ನಡೆಯದ ಕಾರಣ ಸಿಪಿಯುವಿನ ರಿಟರ್ನ್ ಊಹೆಯೂ ಅಲ್ಲಿಂದ ಮುಂದೆ ತಪ್ಪುತ್ತದೆ. ಇವೆರಡೂ ವೇಗದ ನಷ್ಟ ಮಾತ್ರ. ಶ್ಯಾಡೋ ಸ್ಟ್ಯಾಕ್, ಅಂದರೆ ರಿಟರ್ನ್ ವಿಳಾಸಗಳ ಇನ್ನೊಂದು ಪ್ರತಿಯನ್ನು ಹಾರ್ಡ್‌ವೇರೇ ಕಾಯುವ ವ್ಯವಸ್ಥೆ, ಚಾಲ್ತಿಯಲ್ಲಿರುವ ಪ್ರೊಸೆಸ್ಸಿನಲ್ಲಿ ಮಾತ್ರ ಇದು ತಪ್ಪೇ ಆಗುತ್ತದೆ: ಕಾಲ್ ನಡೆದಾಗ ಹಾರ್ಡ್‌ವೇರು ಅಲ್ಲೊಂದು ವಿಳಾಸ ಇಟ್ಟಿದೆ, ಅದನ್ನು ತೆಗೆಯುವ ರೆಟ್ ನಡೆಯಲಿಲ್ಲ. ಫಂಕ್ಷನ್ ತನ್ನನ್ನು ಕರೆದವರಿಗೆ ಹಿಂದಿರುಗುವಾಗ ಎರಡು ಸ್ಟ್ಯಾಕುಗಳು ತಾಳೆಯಾಗದೆ ಕಂಟ್ರೋಲ್ ಪ್ರೊಟೆಕ್ಷನ್ ಫಾಲ್ಟ್ ಬರುತ್ತದೆ. ಒಂದೋ ಕರ್ನಲ್ ಆ ಎಂಟ್ರಿಯನ್ನು ತಾನೇ ತೆಗೆಯಬೇಕು, ಇಲ್ಲವೇ ಅಂಥ ಪ್ರೊಸೆಸ್ಸಿನಲ್ಲಿ ಈ ಆಪ್ಟಿಮೈಸೇಶನ್ನೇ ಮಾಡಬಾರದು.

ಕಾಲ್ ಇನ್‌ಸ್ಟ್ರಕ್ಷನ್ ಸ್ಟ್ಯಾಕಿನ ಕೆಳಗೆ 8 ಬೈಟ್ ಬರೆಯುತ್ತದೆ ಎಂಬುದೂ ಒಂದು ಪ್ರಶ್ನೆ ಎಬ್ಬಿಸುತ್ತದೆ. ಫಂಕ್ಷನ್ನುಗಳು ರಿಜಿಸ್ಟರು, ಸ್ಟ್ಯಾಕುಗಳನ್ನು ಹೇಗೆ ಬಳಸಬೇಕೆಂದು ಹೇಳುವ ಸಿಸ್ಟಂ ವಿ ಎಬಿಐ ಎಂಬ ಒಪ್ಪಂದದ ಪ್ರಕಾರ ಆರ್‌ಎಸ್‌ಪಿಯ ಕೆಳಗಿನ 128 ಬೈಟ್ ರೆಡ್ ಝೋನ್. ಬೇರೆ ಫಂಕ್ಷನ್ನನ್ನು ಕರೆಯದ ಫಂಕ್ಷನ್ ಆರ್‌ಎಸ್‌ಪಿಯನ್ನು ಇಳಿಸದೆಯೇ ಅಲ್ಲಿ ತನ್ನ ಲೋಕಲ್ ವೇರಿಯಬಲ್‌ಗಳನ್ನು ಇಟ್ಟುಕೊಳ್ಳಬಹುದು. ಅಂಥ ಫಂಕ್ಷನ್ನಿನ ನಡುವೆ ಕಾಲ್ ಹಾಕಿದರೆ ಅದರ ಡೇಟಾ ಅಳಿಯುತ್ತದೆ. ಫಂಕ್ಷನ್ನಿನ ಮೊಟ್ಟಮೊದಲ ಇನ್‌ಸ್ಟ್ರಕ್ಷನ್ನಿನಲ್ಲಿ ಈ ಭಯವಿಲ್ಲ, ಆ ಹೊತ್ತಿಗೆ ರೆಡ್ ಝೋನಿಗೆ ಯಾರೂ ಏನೂ ಬರೆದಿರುವುದಿಲ್ಲ. ಆದರೆ ಈ ಬೈಟುಗಳು ಫಂಕ್ಷನ್ನಿನ ಮೊದಲಲ್ಲೇ ಇವೆ ಎಂದು ಕರ್ನಲ್ಲಿಗೆ ಹೇಗೆ ಗೊತ್ತು? ಅದಕ್ಕೆ ಸಿಂಬಲ್ ಟೇಬಲ್ ಇಲ್ಲ, ಫೈಲು ಮತ್ತು ಆಫ್‌ಸೆಟ್ ಮಾತ್ರ ಇದೆ. ಮೂರು ಇನ್‌ಸ್ಟ್ರಕ್ಷನ್ನಿನ ಮಾದರಿ ಹೊಂದಿತು ಎಂಬುದೇ ಪುರಾವೆಯೆನ್ನುವ ಪ್ಯಾಚಿಗೆ ನಾನಾದರೆ ಇನ್ನಷ್ಟು ವಿವರಣೆ ಕೇಳುತ್ತೇನೆ. ಇದರ ಇನ್ನೊಂದು ಮಗ್ಗುಲು: ಹಲವು ಡಿಸ್ಟ್ರೋಗಳ ಬೈನರಿಗಳಲ್ಲಿ ಫಂಕ್ಷನ್ನಿನ ಮೊದಲು ಎಂಡ್‌ಬಿಆರ್64 ಎಂಬ 4 ಬೈಟಿನ ಇನ್‌ಸ್ಟ್ರಕ್ಷನ್ (ಪರೋಕ್ಷ ಜಂಪ್ ಬರಬಹುದಾದ ಜಾಗದ ಗುರುತು) ಇರುತ್ತದೆ. ಸಿಂಬಲ್ ವಿಳಾಸಕ್ಕೆ ಹಾಕಿದ ಪ್ರೋಬ್ ಕೂರುವುದು ಅದರ ಮೇಲೆ. ಮಾದರಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬೆಂಚ್‌ಮಾರ್ಕಿನಲ್ಲಿ ಕಂಡ ಲಾಭ ಆ ಯಂತ್ರಗಳಲ್ಲಿ ಸಿಗುವುದೇ ಇಲ್ಲ.

ಸಬ್ ಫ್ಲ್ಯಾಗುಗಳನ್ನೂ, ಅಂದರೆ ಲೆಕ್ಕದ ಫಲಿತಾಂಶ ಹೇಗಿತ್ತು ಎಂದು ಹೇಳುವ ಬಿಟ್‌ಗಳನ್ನೂ, ಬದಲಿಸುತ್ತದೆ: ಕ್ಯಾರಿ, ಪ್ಯಾರಿಟಿ, ಆಕ್ಸಿಲಿಯರಿ, ಝೀರೋ, ಸೈನ್, ಓವರ್‌ಫ್ಲೋ, ಆರೂ. ಫಂಕ್ಷನ್ನಿನ ಆರಂಭದಲ್ಲಿ ಅವನ್ನು ಯಾರು ನೋಡುತ್ತಾರೆ ಎಂದು ಬಿಟ್ಟುಬಿಡುವ ಆಸೆ ಆಗುತ್ತದೆ. ಕಂಪೈಲರ್ ಬರೆದ ಕೋಡಿಗೆ ಅದು ಬಹುಪಾಲು ನಿಜ, ಕೈಯಿಂದ ಬರೆದ ಅಸೆಂಬ್ಲಿಗೆ ಆ ಭರವಸೆ ಇಲ್ಲ. ಸರಿಯಾಗಿ ಮಾಡುವುದಕ್ಕೆ ದೊಡ್ಡ ಖರ್ಚೂ ಇಲ್ಲ: ಕರ್ನಲ್ ತಾನೇ ಒಂದು ಸಬ್ ಓಡಿಸಿ ಫ್ಲ್ಯಾಗುಗಳನ್ನು ಓದಿಕೊಳ್ಳಬಹುದು. ಆಗ ಆ ಆರು ಬಿಟ್‌ಗಳನ್ನಷ್ಟೇ ಯೂಸರ್ ಫ್ಲ್ಯಾಗುಗಳಿಗೆ ಸೇರಿಸಿದ್ದಾರೆಯೇ, ಕರ್ನಲ್ಲಿನ ಉಳಿದ ಬಿಟ್‌ಗಳೂ ಜೊತೆಗೆ ಬಂದವೇ ಎಂದು ನೋಡಬೇಕು.

ಹಿಂದೆ ಸರಿಯುವ ದಾರಿ ಈಗ ಎಲ್ಲಿದೆ? ಮೂಲ ಬೈಟುಗಳ ಜಾಗದಲ್ಲಿ ಕಾಲ್ ಇದೆ. 5 ಬೈಟಿನ ನೋಪ್ ಸೋಲುವುದಿಲ್ಲ, ಪುಷ್ ಸೋಲಬಹುದು. ಮೂವ್ ಮತ್ತು ಸಬ್ ಮೆಮೊರಿ ಮುಟ್ಟುವುದಿಲ್ಲವಾದ್ದರಿಂದ ಒಂದೇ ಪುಷ್ ಇರುವ ಮಾದರಿಯಲ್ಲಿ ಅಪಾಯವೆಲ್ಲ ಮೊದಲ ಹೆಜ್ಜೆಯಲ್ಲಿದೆ. ಪುಷ್ ಆರ್‌ಬಿಪಿ, ಮೂವ್, ಪುಷ್ ಆರ್‌ಬಿಎಕ್ಸ್ ಎಂಬ ಮಾದರಿ ಸರಿಯಾಗಿ 5 ಬೈಟ್ ಆಗುತ್ತದೆ, ನೋಡಲು ಅಚ್ಚುಕಟ್ಟು. ಆದರೆ ಮೊದಲ ಪುಷ್ ಪುಟದ ತೀರಾ ಕೆಳಗಿನ 8 ಬೈಟಿಗೆ ಬಿದ್ದು, ಎರಡನೆಯದು ಮ್ಯಾಪ್ ಆಗದ ಪುಟಕ್ಕೆ ಬೀಳಬಹುದು. ಆಗ ಎಲ್ಲ ರಿಜಿಸ್ಟರುಗಳೂ ಮೊದಲಿನಂತೆಯೇ ಉಳಿದು, ಸರಿಯಾದ ವಿಳಾಸದೊಡನೆ ಸೆಗ್ಮೆಂಟೇಶನ್ ಫಾಲ್ಟ್ ಸಿಗ್ನಲ್ ಹೋಗಬೇಕು. ಸ್ಟ್ಯಾಕ್ ಮೀರಿದ್ದನ್ನು ಪತ್ತೆಹಚ್ಚುವ ಸಿಗ್ನಲ್ ಹ್ಯಾಂಡ್ಲರುಗಳು ಆ ವಿಳಾಸವನ್ನೇ ನಂಬಿ ಕೂತಿರುತ್ತವೆ.

ರಿಟರ್ನ್ ಪ್ರೋಬ್ ಇದ್ದರೆ ಕ್ರಮ ಇನ್ನೂ ಬಿಗಿ. ಫಂಕ್ಷನ್ನಿನ ಆರಂಭದಲ್ಲಿ ಆರ್‌ಎಸ್‌ಪಿ ತೋರಿಸುವ ಜಾಗದಲ್ಲಿರುವ ರಿಟರ್ನ್ ವಿಳಾಸವನ್ನು ಕರ್ನಲ್ ಬದಲಿಸುತ್ತದೆ. ಟ್ರ್ಯಾಂಪೊಲೀನಿನಿಂದ ಬಂದಾಗ ಆರ್‌ಎಸ್‌ಪಿ ಕಾಲ್ ಮತ್ತು ಮೂರು ಪುಷ್‌ಗಳಷ್ಟು, ಅಂದರೆ 32 ಬೈಟ್ ಕೆಳಗಿದೆ. ಅದನ್ನು ಮೊದಲು ಸರಿಪಡಿಸಿ, ಆಮೇಲೆ ಹ್ಯಾಂಡ್ಲರುಗಳನ್ನು ಕರೆದು, ರಿಟರ್ನ್ ವಿಳಾಸವನ್ನು ಹಿಡಿದು, ಎಲ್ಲ ಆದ ಮೇಲೆಯೇ ಎಮ್ಯುಲೇಟ್ ಮಾಡಬೇಕು. ಹ್ಯಾಂಡ್ಲರು ಇನ್‌ಸ್ಟ್ರಕ್ಷನ್ ಪಾಯಿಂಟರನ್ನು ಬೇರೆಡೆಗೆ ತಿರುಗಿಸಿದ್ದರೆ ಎಮ್ಯುಲೇಶನ್ ನಡೆಯಲೇಬಾರದು.

ಇವೆಲ್ಲವೂ ಒಂದು ಥ್ರೆಡ್ಡಿನ ಮಾತು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆ ನಿಲ್ಲುವುದೋ ಬೀಳುವುದೋ ಎಂದು ತೀರ್ಮಾನವಾಗುವುದು ಇತರ ಥ್ರೆಡ್ಡುಗಳಿಂದ. ಬೈಟುಗಳನ್ನು ಬದಲಿಸುವ ಕ್ರಮ ಗೊತ್ತಿರುವುದೇ: ಮೊದಲ ಬೈಟಿನಲ್ಲಿ ಬ್ರೇಕ್‌ಪಾಯಿಂಟ್ ಇರುತ್ತದೆ, ಉಳಿದ ನಾಲ್ಕು ಬೈಟ್ ಬರೆಯುತ್ತಾರೆ, ಎಲ್ಲ ಸಿಪಿಯುಗಳನ್ನೂ ಸಿಂಕ್ ಮಾಡುತ್ತಾರೆ, ಆಮೇಲೆ ಮೊದಲ ಬೈಟನ್ನು ಕಾಲಿನ ಇ8 ಆಗಿ ಬದಲಿಸಿ ಮತ್ತೆ ಸಿಂಕ್. ಐದೂ ಬೈಟ್ ಒಂದೇ ಪುಟದಲ್ಲಿರಬೇಕು. ಹೊಸದಾಗಿ ಅಲ್ಲಿಗೆ ಬರುವ ಥ್ರೆಡ್ಡಿಗೆ ಇಷ್ಟು ಸಾಕು. ಆದರೆ ಪುಷ್ ಮುಗಿಸಿ ಮೂವ್ ಶುರು ಮಾಡುವ ಮುನ್ನ ಶೆಡ್ಯೂಲರ್ ಒಂದು ಥ್ರೆಡ್ಡನ್ನು ನಿಲ್ಲಿಸಿದೆ ಎಂದುಕೊಳ್ಳಿ. ಅದರ ಇನ್‌ಸ್ಟ್ರಕ್ಷನ್ ಪಾಯಿಂಟರ್ 1ನೆಯ ಬೈಟಿನಲ್ಲಿದೆ. ಅದು ಎದ್ದಾಗ ಅಲ್ಲಿ ಸಿಗುವುದು ಕಾಲಿನ ಅಂತರದ ಬೈಟುಗಳು, ಅವನ್ನೇ ಇನ್‌ಸ್ಟ್ರಕ್ಷನ್ ಎಂದು ಓಡಿಸುತ್ತದೆ. 5 ಬೈಟಿನ ನೋಪ್ ಒಂದೇ ಇನ್‌ಸ್ಟ್ರಕ್ಷನ್ ಆದ್ದರಿಂದ ಅದರ ನಡುವೆ ಯಾರೂ ನಿಂತಿರಲು ಸಾಧ್ಯವಿರಲಿಲ್ಲ. ಆ ಸುರಕ್ಷತೆ ಇಲ್ಲಿಲ್ಲ.

ಕರ್ನಲ್‌ನೊಳಗಿನ ಕೆಪ್ರೋಬ್ ಇದೇ ಸಮಸ್ಯೆಯನ್ನು ಎರಡು ರೀತಿಯಲ್ಲಿ ಬಗೆಹರಿಸಿಕೊಂಡಿದೆ. ಇಡೀ ಫಂಕ್ಷನ್ನನ್ನು ಡಿಕೋಡ್ ಮಾಡಿ ಆ ಬೈಟುಗಳ ನಡುವಿಗೆ ಯಾವ ಜಂಪೂ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳುತ್ತದೆ, ಮತ್ತು ನಡುವೆ ನಿಂತಿರಬಹುದಾದ ಟಾಸ್ಕುಗಳು ಮುಂದೆ ಸರಿಯುವವರೆಗೆ ಆರ್‌ಸಿಯು ಎಂಬ ಕರ್ನಲ್ ವ್ಯವಸ್ಥೆಯ ಮೂಲಕ ಕಾಯುತ್ತದೆ. ಯೂಸರ್ ಥ್ರೆಡ್ಡಿಗೆ ಹಾಗೆ ಕಾಯುವ ವ್ಯವಸ್ಥೆಯಿಲ್ಲ. ನಿಲ್ಲಿಸುವ ಸಿಗ್ನಲ್ಲಾದ ಸಿಗ್‌ಸ್ಟಾಪ್ ಪಡೆದ ಥ್ರೆಡ್ 1ನೆಯ ಬೈಟಿನಲ್ಲಿ ಎಷ್ಟು ದಿನ ಬೇಕಾದರೂ ನಿಂತಿರಬಹುದು. ಅಷ್ಟೇ ಅಲ್ಲ, ಅಲ್ಲಿ ಸಿಗ್ನಲ್ ಬಂದಿದ್ದರೆ 1ನೆಯ ಬೈಟಿನ ವಿಳಾಸ ಸಿಗ್ನಲ್ ಫ್ರೇಮಿನೊಳಗೆ, ಅಂದರೆ ಯೂಸರ್ ಸ್ಟ್ಯಾಕಿನಲ್ಲಿ ಸಾಮಾನ್ಯ ಡೇಟಾ ಆಗಿ ಕೂತಿರುತ್ತದೆ. ಎಲ್ಲ ಥ್ರೆಡ್ಡುಗಳ ರಿಜಿಸ್ಟರುಗಳನ್ನು ಪರಿಶೀಲಿಸಿದರೂ ಅದು ಕಾಣುವುದಿಲ್ಲ. ಇಂಥ ಪ್ಯಾಚಿನ ಕಮಿಟ್ ಮೆಸೇಜಿನಲ್ಲಿ ಈ ಒಂದು ಸಂದರ್ಭಕ್ಕೆ ಉತ್ತರ ಇಲ್ಲದಿದ್ದರೆ, ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಎಲ್ಲರಿಗೂ ತಾನಾಗಿಯೇ ಚಾಲ್ತಿಯಾಗುವಂತೆ ಒಪ್ಪಿಕೊಳ್ಳಬಾರದು ಎಂಬುದು ನನ್ನ ನಿಲುವು. ಅದೇ 8 ಬೈಟಿನೊಳಗೆ, 4ನೆಯ ಬೈಟಿನಲ್ಲಿ ಇನ್ನೊಂದು ಯುಪ್ರೋಬ್ ಹಾಕಲು ಯಾರಾದರೂ ಬಂದರೆ ಏನಾಗುತ್ತದೆ ಎಂಬುದೂ ಇದೇ ಜಾತಿಯ ಪ್ರಶ್ನೆ.

ಪರೀಕ್ಷೆಯ ಮಾತಿಗೆ ಬಂದರೆ, ಕರ್ನಲ್ ಮರದ ಬಿಪಿಎಫ್ ಸೆಲ್ಫ್‌ಟೆಸ್ಟುಗಳಲ್ಲಿ ಪ್ರೋಬ್ ಇದ್ದಾಗ ಮತ್ತು ಇಲ್ಲದಾಗ ರಿಜಿಸ್ಟರುಗಳನ್ನು ಹೋಲಿಸುವ ಪರೀಕ್ಷೆಗಳಿವೆ, ಹೊಸ ಇನ್‌ಸ್ಟ್ರಕ್ಷನ್ನಿಗೂ ಅಂಥದ್ದನ್ನು ಕೇಳಬೇಕು. ಅದರ ಮೇಲೆ ಕೈಯಾರೆ ಮಾಡಬೇಕಾದವು ಕೆಲವಿವೆ. ಸ್ಟ್ಯಾಕ್ ಪಾಯಿಂಟರನ್ನು ಪುಟದ ಅಂಚಿಗೆ ತಂದು ಪ್ರೋಬ್ ಇರುವ ಫಂಕ್ಷನ್ನನ್ನು ಕರೆಯುವುದು. ಜಿಡಿಬಿ ಎಂಬ ಡೀಬಗರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು, ಒಂದು ಹೆಜ್ಜೆಗೆ ಎರಡು ಇನ್‌ಸ್ಟ್ರಕ್ಷನ್ ದಾಟುತ್ತಿದೆಯೇ ಎಂದು ನೋಡುವುದು. 32 ಬಿಟ್ ಬೈನರಿಯಲ್ಲಿ ಓಡಿಸುವುದು. ಕೋರುಗಳ ಸಂಖ್ಯೆಗಿಂತ ಹೆಚ್ಚು ಥ್ರೆಡ್ಡುಗಳು ಆ ಫಂಕ್ಷನ್ನನ್ನು ಬಿಡುವಿಲ್ಲದೆ ಕರೆಯುತ್ತಿರುವಾಗ ಪ್ರೋಬನ್ನು ಹಾಕುತ್ತ ತೆಗೆಯುತ್ತ ಇರುವುದು.

ಈ ಕೊನೆಯ ಪರೀಕ್ಷೆ ಹಿಡಿಯುವುದು ಪ್ರೋಬ್ ತೆಗೆಯುವಾಗಿನ ರೇಸನ್ನು, ಅಂದರೆ ಎರಡು ಕೆಲಸಗಳು ಒಂದೇ ಹೊತ್ತಿಗೆ ನಡೆದು ಆಗುವ ಎಡವಟ್ಟನ್ನು. ಒಂದು ಥ್ರೆಡ್ ಕಾಲ್ ಮಾಡಿ ಟ್ರ್ಯಾಂಪೊಲೀನಿನೊಳಗೆ ಇದೆ, ಸಿಸ್ಟಂ ಕಾಲ್ ಇನ್ನೂ ಮಾಡಿಲ್ಲ. ಅಷ್ಟರಲ್ಲಿ ಪ್ರೋಬ್ ತೆಗೆದು ಮೂಲ ಬೈಟುಗಳನ್ನು ಮರಳಿ ಬರೆದಾಯಿತು. ಥ್ರೆಡ್ ಕರ್ನಲ್ಲಿಗೆ ಬಂದಾಗ ಆ ವಿಳಾಸಕ್ಕೆ ಪ್ರೋಬೇ ಇಲ್ಲ. ಎಮ್ಯುಲೇಟ್ ಮಾಡಬೇಕಾದ ಇನ್‌ಸ್ಟ್ರಕ್ಷನ್ನುಗಳ ವಿವರವೂ ಪ್ರೋಬಿನ ಜೊತೆಗೇ ಹೋಗಿದೆ. ನೋಪ್ ಆಗಿದ್ದರೆ ಸುಮ್ಮನೆ 5ನೆಯ ಬೈಟಿಗೆ ಹೋಗಬಹುದಿತ್ತು. ಇಲ್ಲಿ ಹಾಗೆ ಹೋದರೆ ಪುಷ್ ನಡೆದೇ ಇಲ್ಲ, ಸಿಗುವುದು ಅದೇ 83 ಇಸಿ 10. ಸರಿಯಾದ ದಾರಿ ಒಂದೇ: ಕಾಲ್ ಮತ್ತು ಮೂರು ಪುಷ್‌ಗಳು ಇಳಿಸಿದ ಆರ್‌ಎಸ್‌ಪಿಯನ್ನು 32 ಬೈಟ್ ಮೇಲೆತ್ತಿ, ಉಳಿಸಿಟ್ಟ ಮೂರು ರಿಜಿಸ್ಟರುಗಳನ್ನು ಮರಳಿಸಿ, ಶ್ಯಾಡೋ ಸ್ಟ್ಯಾಕ್ ಇದ್ದರೆ ಅದನ್ನೂ ಸರಿಪಡಿಸಿ, ಇನ್‌ಸ್ಟ್ರಕ್ಷನ್ ಪಾಯಿಂಟರನ್ನು ಆರಂಭದ 55ಕ್ಕೇ ಹಿಂದಿರುಗಿಸುವುದು. ಅಲ್ಲಿಂದ ಮುಂದೆ ಸಿಪಿಯು ತಾನೇ ಮೂರನ್ನೂ ಓಡಿಸುತ್ತದೆ. ಟ್ರ್ಯಾಂಪೊಲೀನಿನ ಪುಟವನ್ನು ಪ್ರೋಬ್ ತೆಗೆದೊಡನೆ ಅನ್‌ಮ್ಯಾಪ್ ಮಾಡುವ ಸಾಲೇನಾದರೂ ಪ್ಯಾಚಿನಲ್ಲಿದ್ದರೆ ಅದನ್ನು ತೆಗೆಸಬೇಕು: ಒಳಗಿರುವ ಥ್ರೆಡ್ಡಿಗೆ ಈ ಹಿಂದಿರುಗುವ ದಾರಿಯೂ ಇಲ್ಲದಂತಾಗುತ್ತದೆ.